ಬದುಕಿದ್ದವರಿಗೆ ಇಟ್ಟ ಎಡೆ

ಬದುಕಿದ್ದ ಇಬ್ಬರನ್ನು ನಾನು ಸತ್ತರೆಂದು ಹೇಳಿದ್ದೇನೆ. ಒಬ್ಬರನ್ನು ಪತ್ರಿಕೆಯಲ್ಲಿ, ಇನ್ನೊಬ್ಬರನ್ನು ಟೆಲಿಫೋನಿನಲ್ಲಿ. ಮೊದಲನೆಯವರು ಟರ್ಕಿಯ ಒಬ್ಬ ಕಾದಂಬರಿಕಾರ್ತಿ. ಎರಡನೆಯವರು ಹೊಸದುರ್ಗದ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಬೀರಪ್ಪನವರು. ಆಕೆ ಸತ್ತರೆಂದು ಇವರಿಗೆ ಹೇಳಿದೆ, ಇವರು ಸತ್ತರೆಂದು ಆಕೆಗೆ ಹೇಳಿದೆ. ಇಬ್ಬರೂ ನಂಬಿದರು. ಒಬ್ಬರಿಗಾಗಿ ಒಬ್ಬರು ದುಃಖಪಟ್ಟುಕೊಂಡು ಒಂಬತ್ತು ವರ್ಷ ಬದುಕಿದರು.

ಕಾದಂಬರಿಕಾರ್ತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಅಚ್ಚು ಮಾಡಿ ಕೆಡಿಸಿದ್ದೇನೆ, ಅಷ್ಟು ಸಾಕು. ಮೇಷ್ಟ್ರು ಅವರನ್ನು 'ಅಕ್ಕ' ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಚಿತ್ರದುರ್ಗದಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಕೊನೆಯ ವರ್ಷಗಳಲ್ಲಿ ಭಾನುವಾರದ ಪುರವಣಿ ನನ್ನ ಕೈಯಲ್ಲಿತ್ತು. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠ ಒಂದೇ: ಸಾವಿನ ಸುದ್ದಿಯನ್ನು ಎರಡು ಕಡೆ ಕೇಳಿ ಖಚಿತಪಡಿಸಿಕೊಳ್ಳದೆ ಬರೆಯಬೇಡಿ. ಬೇರೆ ತಪ್ಪುಗಳನ್ನು ಓದುಗರು ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ. ಇದನ್ನು ಹೇಳುವಾಗ ನನ್ನ ದನಿ ಗಟ್ಟಿಯಾಗಿರುತ್ತಿತ್ತು. ಆ ತಪ್ಪು ಮಾಡಿದ ಮೇಲೂ ಅದು ಗಟ್ಟಿಯಾಗಿಯೇ ಇತ್ತು.

ಟರ್ಕಿ ನಮ್ಮ ಪುರವಣಿಗೆ ಬಂದದ್ದು ಮೇಷ್ಟ್ರಿಂದ. ಒಂದು ಮಧ್ಯಾಹ್ನ ಅವರು ಹೊಸದುರ್ಗದ ಬಸ್ಸಿನಿಂದಿಳಿದು ನೇರ ಕಚೇರಿಗೆ ಬಂದರು. ಕೈಯಲ್ಲಿ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಅನುವಾದ. ರಟ್ಟು ಹೋಗಿತ್ತು. ಆಗಿನ್ನೂ ಅವರಿಗೆ ಓದುವಷ್ಟು ಕಣ್ಣಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು:

"ತಿಪ್ಪೇಶಿ, ಇದು ಟರ್ಕಿ ಅಲ್ಲ ಕಣಲೇ. ಇದು ನಮ್ಮ ಜವನಗೊಂಡನಹಳ್ಳಿ. ಅದೇ ಬೋಳುಗುಡ್ಡ, ಅದೇ ಗಾಳಿ. ಕುರಿ ಹೊಡ್ಕೊಂಡು ಹೋಗೋರ ಜಗಳ ಸೈತ ಅದೇ ಐತೆ."

ಜವನಗೊಂಡನಹಳ್ಳಿ ಅವರ ಹುಟ್ಟೂರು. ಕುರಿ ಸಾಕುವ ಮನೆತನ. ಅಣ್ಣತಮ್ಮಂದಿರು ಈಗಲೂ ಮಂದೆ ಕಟ್ಟಿಕೊಂಡು ಬೇಸಿಗೆಯಲ್ಲಿ ಊರೂರು ತಿರುಗುತ್ತಾರೆ. ಆ ಮನೆಯಲ್ಲಿ ಪುಸ್ತಕ ಹಿಡಿದವರು ಇವರೊಬ್ಬರೇ. ಟರ್ಕಿಯ ಅಕ್ಕ ಹುಟ್ಟಿದ್ದೂ ಅಂಥದೇ ಮನೆಯಲ್ಲಿ — ಆಡಿನ ಕೂದಲಿನ ಕಪ್ಪು ಡೇರೆ ಹೊತ್ತುಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಹೋಗುವ ಜನ. ತಡವಾಗಿ ಅಕ್ಷರ ಕಲಿತರು, ಹತ್ತಿ ಗಿರಣಿಯಲ್ಲಿ ದುಡಿದರು, ತಮ್ಮವರ ಕಥೆ ಬರೆದು ಜಮೀನುದಾರರ ಕೋಪಕ್ಕೆ ಸಿಕ್ಕಿದರು, ಕೋರ್ಟು ಅಲೆದರು. ಕೊನೆಗೆ ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಒಂಟಿಯಾಗಿ ನೆಲೆಸಿದರು.

ಮೇಷ್ಟ್ರ ಉತ್ಸಾಹ ನನಗೂ ಅಂಟಿತು. ಟರ್ಕಿಯ ಬರಹಗಾರರು, ಕಲಾವಿದರ ಬದುಕಿನ ಬಗ್ಗೆ ವಾರಕ್ಕೊಂದು ಲೇಖನ ಶುರು ಮಾಡಿದೆ. ಒಂದೇ ಹಡಗುಕಟ್ಟೆಯನ್ನು ಮೂವತ್ತು ವರ್ಷ ಬಿಡಿಸಿದ ಚಿತ್ರಕಾರ. ದನಿ ಹೋದ ಮೇಲೆ ಊರ ಮಕ್ಕಳಿಗೆ ಪದ ಕಲಿಸುತ್ತ ಬದುಕಿದ ಗಾಯಕಿ. ನೆರಳಿನ ಗೊಂಬೆಯಾಡಿಸುವ ಅಪ್ಪಮಕ್ಕಳು — ಅವರ ಬಗ್ಗೆ ಬರೆದ ವಾರ ನಮ್ಮ ತೊಗಲುಗೊಂಬೆಯವರೊಬ್ಬರು ಕಚೇರಿಗೆ ಬಂದು, "ಆ ಪಟ ಇನ್ನೊಂದ್ ಸರಿ ತೋರ್ಸ್ರಿ ಸ್ವಾಮಿ, ತೊಗಲು ಹೆಂಗೆ ಹದ ಮಾಡ್ತಾರೋ ನೋಡಾಣ" ಎಂದಿದ್ದರು. ಮೇಷ್ಟ್ರು ಇಂಗ್ಲಿಷ್ ಪುಸ್ತಕಗಳಿಂದ ಸಂಗತಿ ಹುಡುಕಿ ಕೊಡುತ್ತಿದ್ದರು, ನಾನು ಬರೆಯುತ್ತಿದ್ದೆ. ಅಷ್ಟರಲ್ಲಿ ಅವರ ಕಣ್ಣು ಕ್ಷೀಣಿಸತೊಡಗಿತ್ತು. ಆಮೇಲಾಮೇಲೆ ನಾನು ತಿಂಗಳಿಗೆರಡು ಭಾನುವಾರ ಹೊಸದುರ್ಗಕ್ಕೆ ಹೋಗಿ ಓದಿ ಹೇಳುತ್ತಿದ್ದೆ. ಮದುವೆಯಾಗದ ನನಗೆ ಭಾನುವಾರ ಹೋಗಲು ಬೇರೆ ಮನೆಯಿರಲಿಲ್ಲ.

ಅದರ ಜೊತೆಗೇ ಅವರು ಅಕ್ಕನ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದರು. ಬಾಯಲ್ಲಿ ಹೇಳುವುದು, ಸೊಸೆ ಕಮಲಮ್ಮ ಬರೆದುಕೊಳ್ಳುವುದು. ಹಿರಿಯೂರು ಕಡೆಯ ಕುರಿಗಾರರ ಮಾತಿನಲ್ಲೇ ಬರಬೇಕು ಎಂಬ ಹಠ. ಒಂದು ಸಾಲು ಬಾರದಿದ್ದರೆ ಜವನಗೊಂಡನಹಳ್ಳಿಗೆ ಹೋಗಿ ಅಣ್ಣಂದಿರ ನಡುವೆ ಎರಡು ದಿನ ಕೂತು ಬರುತ್ತಿದ್ದರು. ಕೊನೆಯ ಅಧ್ಯಾಯ ಒಂದು ಉಳಿದಿತ್ತು. ಅದನ್ನು ಮುಟ್ಟಲಿಲ್ಲ.

"ಯಾಕೆ ಮೇಷ್ಟ್ರೇ?" ಎಂದು ಕೇಳಿದೆ.

"ಆಯಮ್ಮನ್ನ ಕೇಳ್ಬೇಕಪ್ಪ. ಹೊಲ್ದೋರನ್ನ ಕೇಳ್ದೆ ಮಂದೆ ಇಳ್ಸಾದಿಲ್ಲ ನಮ್ಮ ಕಡೆ. ಇಷ್ಟು ದೂರ ಬಂದೀವಿ, ಈಗ ಕೊನೇ ಹೊಲದ ಬದಿನಾಗೆ ನಿಂತೀವಿ. ಹೂಂ ಅಂದ್ರೆ ಇಳ್ಸಾಣ."

ರೈತನ ಒಪ್ಪಿಗೆ ಇಲ್ಲದೆ ಅವನ ಹೊಲದಲ್ಲಿ ಕುರಿ ನಿಲ್ಲಿಸುವುದಿಲ್ಲ ಎಂಬುದು ಅವರ ಜನ ನಡೆಸಿಕೊಂಡು ಬಂದ ರೀತಿ. ಕಾನೂನಿನ ಅನುಮತಿ ಅವರಿಗೆ ಬೇಕಿರಲಿಲ್ಲ, ಬೇಕಿದ್ದದ್ದು ಆಕೆಯ ಒಂದು ಮಾತು. ಅವರು ಹೇಳಿದಂತೆ ಇಂಗ್ಲಿಷಿನಲ್ಲಿ ಬರೆದು ಪ್ರಕಾಶಕರಿಗೆ ಇ-ಮೇಲ್ ಕಳಿಸಿದವನು ನಾನು. ಮೇಷ್ಟ್ರ ಮೊಬೈಲು ದಿನಕ್ಕೊಂದು ಕಡೆ ಕಳೆಯುತ್ತಿದ್ದುದರಿಂದ ಕೆಳಗೆ ನಮ್ಮ ಕಚೇರಿಯ ಫೋನ್ ನಂಬರ್ ಹಾಕಿದೆ.

ಉತ್ತರ ಬರಲಿಲ್ಲ. ತಿಂಗಳುಗಳು ಹೋದವು. ನಂತರ ಆ ಶುಕ್ರವಾರ ಬಂತು.

ದಿನಪತ್ರಿಕೆಯ ಒಳಗಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಭಾನುವಾರ ನಿಮ್ಮ ಮನೆಗೆ ಬರುವ ಪುರವಣಿ ಶುಕ್ರವಾರ ಸಂಜೆಯೇ ಅಚ್ಚಾಗಿರುತ್ತದೆ. ಮುಖಪುಟದಂತೆ ಕೊನೇ ಗಳಿಗೆಯಲ್ಲಿ ತಿದ್ದಲು ಬರುವುದಿಲ್ಲ. ಹಾಗಾಗಿ ಪುರವಣಿಯವರು ಸದಾ ಎರಡು ದಿನ ಮುಂದಿನದನ್ನು ಊಹಿಸಿಕೊಂಡು ಬರೆಯುತ್ತಾರೆ. ಆ ವಾರದ ಸರದಿ ಅಕ್ಕನದು. ಲೇಖನ ಸಿದ್ಧವಾಗಿತ್ತು, ಪುಟದಲ್ಲಿ ಕೂತಿತ್ತು. ಮಧ್ಯಾಹ್ನ ಸುದ್ದಿಸಂಸ್ಥೆಯಿಂದ ನಾಲ್ಕು ಸಾಲು ಬಂತು — ಆಕೆ ಆಸ್ಪತ್ರೆಯಲ್ಲಿದ್ದಾರೆ, ಉಸಿರಾಟಕ್ಕೆ ಯಂತ್ರ ಹಾಕಿದ್ದಾರೆ, ವೈದ್ಯರು ಭರವಸೆ ಕೊಟ್ಟಿಲ್ಲ.

ನಾನು ಲೆಕ್ಕ ಹಾಕಿದೆ. ವಯಸ್ಸು ಎಪ್ಪತ್ತೊಂಬತ್ತು. ಪತ್ರಿಕೆ ಮನೆ ತಲುಪಲು ಎರಡು ದಿನ. ಅಷ್ಟರಲ್ಲಿ ಆಗಿಯೇ ಇರುತ್ತದೆ. ಬದುಕಿದ್ದಾರೆಂದು ಅಚ್ಚು ಮಾಡಿ ಭಾನುವಾರ ನಗೆಪಾಟಲಾಗುವುದೇಕೆ? ಪುಟ ತೆಗೆದರೆ ಆ ಜಾಗಕ್ಕೆ ಹಾಕಲು ಬೇರೆ ಇರಲಿಲ್ಲ. ತಲೆಬರಹ ಬದಲಿಸಿದೆ. ಮೇಲೆ ಎರಡು ಸಾಲು ಸೇರಿಸಿದೆ. ನಿಧನರಾದರು ಎಂದು ಬರೆದೆ. ಪುಟ ಕಳಿಸಿ ಎದುರಿನ ಹೋಟೆಲಿಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದೆ.

ಭಾನುವಾರ ಬೆಳಿಗ್ಗೆ ಎದ್ದವನೇ ಸುದ್ದಿಸಂಸ್ಥೆಯ ಪುಟ ತೆರೆದು ನೋಡಿದೆ. ಅವರ ಸಾವಿನ ಸುದ್ದಿ ಹುಡುಕಿದೆ. ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ನಾನು ಆ ಹೆಂಗಸಿನ ಸಾವಿಗಾಗಿ ಕಾಯುತ್ತಿದ್ದೆ — ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ಬರುವುದಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಫೋನು ಬಂತು. ಸೊಸೆ ಪತ್ರಿಕೆ ಓದಿ ಹೇಳಿದ್ದರು.

"ತಿಪ್ಪೇಶಿ, ಅಕ್ಕ ಹೋಗ್ಬಿಟ್ಲಂತಲ್ಲೋ."

"ಹೂಂ ಮೇಷ್ಟ್ರೇ."

ಅದೊಂದು 'ಹೂಂ'. ಬಳಿಕ ಅವರೇ ನನ್ನನ್ನು ಸಮಾಧಾನ ಮಾಡುವಂತೆ, "ಇರ್ಲಿ ಬಿಡಪ್ಪ, ನೀನು ಚೆಂದಾಗಿ ಬರ್ದಿದ್ಯ. ಮುಂದಿನ ಭಾನ್ವಾರ ಇಲ್ಲೇ ಒಂದು ನುಡಿನಮನ ಇಟ್ಕಳಾಣ. ನೀನೇ ಮಾತಾಡ್ಬೇಕು" ಎಂದರು.

ಗುರುವಾರ ಸಂಜೆ ಮತ್ತೊಂದು ಸುದ್ದಿ ಬಂತು. ಆಕೆ ಚೇತರಿಸಿಕೊಂಡಿದ್ದಾರೆ, ಯಂತ್ರ ತೆಗೆದಿದ್ದಾರೆ, ಮನೆಗೆ ಕಳಿಸುತ್ತಾರೆ. ಡೆಸ್ಕಿನಲ್ಲಿ ನಾನೊಬ್ಬನೇ ಇದ್ದೆ. ಎರಡು ಸಾಲಿನ ತಿದ್ದುಪಡಿ ಸಾಕಿತ್ತು. ಬೆರಳಳತೆಯ ಜಾಗ. ಬೇರೆಯವರು ಮಾಡಿದ ತಪ್ಪುಗಳಿಗೆ ಅಂಥ ಎಷ್ಟೋ ತಿದ್ದುಪಡಿಗಳನ್ನು ನಾನೇ ಬರೆದಿದ್ದೆ. ಇದನ್ನು ಬರೆಯಲಿಲ್ಲ. ಬೇರೆ ಕನ್ನಡ ಪತ್ರಿಕೆಗಳು ಆಕೆಯ ಕಾಯಿಲೆಯ ಸುದ್ದಿಯನ್ನೂ ಹಾಕಿರಲಿಲ್ಲ, ಯಾರಿಗೂ ತಿಳಿಯುವುದಿಲ್ಲ — ಅಂದುಕೊಂಡದ್ದು ಇಷ್ಟೇ. ಅಥವಾ ಮೇಷ್ಟ್ರ ಮುಂದೆ ಸಣ್ಣವನಾಗುತ್ತೇನೆಂದು — ಇಲ್ಲ. ಇಷ್ಟೇ.

ನುಡಿನಮನ ಹೊಸದುರ್ಗದ ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ನಮ್ಮ ಪುರವಣಿಯಲ್ಲಿ ಅಚ್ಚಾದ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸೇವಂತಿಗೆ ಹಾರ ಹಾಕಿದ್ದರು. ಬಿಳಿಗೂದಲಿನ ಹೆಂಗಸು ನಗುತ್ತಿದ್ದರು. ಮುಂದೆ ಊದುಬತ್ತಿ. ಹೊಳಲ್ಕೆರೆಯಿಂದ ಇಬ್ಬರು ಕಾಲೇಜು ಉಪನ್ಯಾಸಕರು ಬಂದಿದ್ದರು. ಊರ ಮುಖಂಡರೊಬ್ಬರು ತಾವು ದುಬೈಗೆ ಹೋಗಿ ಬಂದದ್ದನ್ನು ವಿವರವಾಗಿ ಹೇಳಿದರು. ಜವನಗೊಂಡನಹಳ್ಳಿಯಿಂದ ಮೇಷ್ಟ್ರ ಕಡೆಯವರು ನಾಲ್ಕೈದು ಜನ ಕಂಬಳಿ ಹೊದ್ದುಕೊಂಡೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಲ್ಲಿ ಒಬ್ಬ ಮುದುಕ ಫೋಟೋವನ್ನು ಹತ್ತಿರದಿಂದ ನೋಡಿ ಕೇಳಿದ:

"ಯಾವೂರಾಯ್ತು ಈಯಮ್ಮಂದು?"

"ಭಾಳ ದೂರ ಮಾವ. ಕುರಿಯೋರೇ," ಎಂದರು ಮೇಷ್ಟ್ರು.

"ಅಂಗಾರೆ ನಮ್ಮೋರೇ ಬಿಡು," ಎಂದು ಆತ ಹೂವು ಹಾಕಿ ಕೈಮುಗಿದ.

ನಾನು ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆ ಎಂದು ಎಲ್ಲರೂ ಹೇಳಿದರು. ಆಕೆ ಆ ಹೊತ್ತಿಗೆ ತಮ್ಮ ಮನೆಯಲ್ಲಿ ಹಾಸಿಗೆಗೆ ಒರಗಿ ಕೂತು ಕಡಲು ನೋಡುತ್ತಿದ್ದಿರಬಹುದು. ಎಲ್ಲರೂ ಎದ್ದು ಮೌನ ಆಚರಿಸಿದಾಗ ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದ್ದ ಮೇಷ್ಟ್ರ ಕಣ್ಣುಗಳನ್ನೇ ನೋಡುತ್ತಿದ್ದೆ.

ಸಭೆ ಮುಗಿದ ಮೇಲೆ ಅನುವಾದದ ಮಾತು ತೆಗೆದೆ. ಕೊನೆಯ ಅಧ್ಯಾಯ ಮುಗಿಸಿಬಿಡಿ ಎಂದೆ. ಅವರು ತಲೆಯಾಡಿಸಿದರು.

"ಯಾರನ್ನ ಕೇಳಾದು ಈಗ? ಹೂಂ ಅನ್ನೋರೇ ಹೋದ ಮ್ಯಾಲೆ ಮುಗೀತಪ್ಪ. ಮಂದೆ ತಿರುಗ್ಸಾದೇ."

ಬರೆದದ್ದನ್ನೆಲ್ಲ ಕಮಲಮ್ಮ ಟ್ರಂಕಿಗೆ ಹಾಕಿದರು.

ಇಲ್ಲಿಗೆ ನಿಂತಿದ್ದರೆ ಒಂದು ತಪ್ಪು, ಅದನ್ನು ಮುಚ್ಚಿಟ್ಟದ್ದು, ಅಷ್ಟೇ ಆಗುತ್ತಿತ್ತು. ಎರಡು ತಿಂಗಳ ಮೇಲೆ ಒಂದು ಸಂಜೆ ಕಚೇರಿಯ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ನಿಧಾನವಾದ, ತಡವರಿಸುವ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು ತಮ್ಮ ಹೆಸರು ಹೇಳಿದರು.

ಅಕ್ಕ.

ಕಾಯಿಲೆಯಲ್ಲಿದ್ದೆ, ನಿಮ್ಮ ಪತ್ರ ಈಗಷ್ಟೇ ಕೈಗೆ ಬಂತು, ಕ್ಷಮಿಸಿ ಎಂದರು. ಬೇರೊಂದು ನಾಡಿನ ಕುರಿಗಾರರ ಮಾತಿನಲ್ಲಿ ನನ್ನ ಕುರಿಗಾರರು ಮಾತನಾಡುತ್ತಿದ್ದಾರಂತೆ, ಒಂದೇ ಒಂದು ಪುಟ ಆ ಮೇಷ್ಟ್ರ ಬಾಯಿಂದ ಕೇಳಬೇಕು, ಅರ್ಥವಾಗದಿದ್ದರೂ ಚಿಂತೆಯಿಲ್ಲ ಎಂದರು. ಅವರೊಂದಿಗೆ ಮಾತನಾಡಬಹುದೇ ಎಂದು ಕೇಳಿದರು.

ಮೇಷ್ಟ್ರ ನಂಬರ್ ನನಗೆ ಬಾಯಿಪಾಠ. ಅದನ್ನು ಹೇಳಿದ ಮರುಕ್ಷಣ ನನ್ನ ಎರಡು ಸಾಲು, ನನ್ನ ಭಾಷಣ, ಹಾರ ಹಾಕಿದ ಫೋಟೋ ಎಲ್ಲ ಬಯಲಾಗುತ್ತಿತ್ತು. ಅವರು ಈಗ ಇಲ್ಲ ಎಂದೆ. ಊರಿನಲ್ಲಿಲ್ಲ ಎಂಬ ಅರ್ಥದಲ್ಲಿ ಜಾರಿಕೊಳ್ಳಬಹುದೇನೋ ಎಂದು — ಆದರೆ ಆಕೆ ಬಿಡಲಿಲ್ಲ. ನನಗೆ ವಯಸ್ಸಾಗಿದೆ, ನಾಳೆ ಮಾಡಲೇ, ನಾಡಿದ್ದು ಮಾಡಲೇ ಎಂದರು.

ಆಗ ನಾನು ಹೇಳಿದೆ: "ಅವರು ತೀರಿಕೊಂಡರು."

ಗಾಜಿನ ಲೋಟದಲ್ಲಿ ಚಮಚ ತಿರುಗುತ್ತಿದ್ದ ಸದ್ದು ಅಲ್ಲಿಯವರೆಗೂ ಸಣ್ಣಗೆ ಕೇಳುತ್ತಿತ್ತು, ಅದು ನಿಂತಿತು. ಆಮೇಲೆ ಆಕೆ ತಮ್ಮ ಭಾಷೆಯಲ್ಲಿ ಏನೋ ಹೇಳಿ ಫೋನಿಟ್ಟರು. ಆ ಮಾತಿನ ಅರ್ಥ ತಿಳಿದದ್ದು ಬಹಳ ದಿನಗಳ ಮೇಲೆ. ಸತ್ತವರ ಕಡೆಯವರಿಗೆ ಅಲ್ಲಿ ಹೇಳುವ ಮಾತಂತೆ ಅದು — ನಿಮ್ಮ ತಲೆ ಚೆನ್ನಾಗಿರಲಿ ಎಂದು. ಮೇಷ್ಟ್ರನ್ನು ಕೊಂದವನಿಗೇ ಆಕೆ ಸಾಂತ್ವನ ಹೇಳಿದ್ದರು.

ಕೆಲವು ವರ್ಷಗಳ ಬಳಿಕ ಆಕೆಯ ಒಂದು ಇಂಗ್ಲಿಷ್ ಸಂದರ್ಶನ ನನ್ನ ಕಣ್ಣಿಗೆ ಬಿತ್ತು. ಓದುಗರ ಬಗ್ಗೆ ಕೇಳಿದಾಗ ಭಾರತದ ಒಬ್ಬ ಮೇಷ್ಟ್ರ ಮಾತು ತೆಗೆದಿದ್ದರು. ಕುರಿಗಾರರ ಮಗ, ನನ್ನ ಒಪ್ಪಿಗೆಗಾಗಿ ಕಾದು ಕಾದು ಹೋಗಿಬಿಟ್ಟರು, ತಡ ಮಾಡಿದವಳು ನಾನು ಎಂದಿದ್ದರು. ತಡ ಮಾಡಿದವಳು ನಾನು. ಆ ಸಾಲನ್ನು ದಾಟಿ ಮುಂದೆ ಓದಲು ನನಗೆ ಆಗಲಿಲ್ಲ.

ಇನ್ನು ಎಡೆಯ ಸಂಗತಿ. ಮಹಾಲಯ ಅಮಾವಾಸ್ಯೆಯಂದು ನಮ್ಮ ಕಡೆ ಹಿರಿಯರ ಹಬ್ಬ. ತೀರಿಹೋದವರ ಹೆಸರಿನಲ್ಲಿ ಬಾಳೆಲೆಗೆ ಅಡುಗೆಯನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಅವರು ಉಣ್ಣಲೆಂದು ಹೊರಗೆ ಕಾಯುತ್ತೇವೆ. ಆ ಎಲೆಯನ್ನು ಎಡೆ ಎನ್ನುತ್ತೇವೆ. ಬದುಕಿದ್ದವರ ಹೆಸರಿಗೆ ಎಡೆ ಇಡುವುದೆಂದರೆ ಅವರಿಗೆ ಸಾವು ಬಯಸಿದಂತೆ, ಆ ಮಾತನ್ನು ಆಡುವುದಕ್ಕೂ ಹೆದರುತ್ತಾರೆ. ನುಡಿನಮನ ನಡೆದ ವರ್ಷ ಮೇಷ್ಟ್ರು ತಮ್ಮ ತಂದೆ, ತಾಯಿ, ಹೆಂಡತಿಯ ಎಡೆಗಳ ಪಕ್ಕದಲ್ಲಿ ನಾಲ್ಕನೆಯದೊಂದು ಎಡೆ ಹಾಕಿಸಿದರು. ಮುದ್ದೆ, ಕುರಿಮರಿಯ ಸಾರು, ಕಡುಬು. ಪಕ್ಕದಲ್ಲಿ ಹಾಲು ಹಾಕದ ಒಂದು ಲೋಟ ಚಾ — ಅಲ್ಲಿಯವರು ಹಾಗೆಯೇ ಕುಡಿಯುವುದೆಂದು ಕಾದಂಬರಿಯಲ್ಲಿ ಓದಿದ್ದರಲ್ಲ.

"ಆಯಮ್ಮಂಗೆ ಯಾರವ್ರೆ ಅಲ್ಲಿ? ಒಂಟಿ ಜೀವ. ನಾವೇ ಇಡ್ಬೇಕು," ಎಂದಿದ್ದರು.

ಪ್ರತಿ ವರ್ಷ ನನ್ನನ್ನು ಕರೆದರು. ಪ್ರತಿ ವರ್ಷ ನಾನು ಹೋದೆ. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ ಎಂದು ಹೋದೆ. ಮುಚ್ಚಿದ ಬಾಗಿಲ ಹೊರಗೆ ಅವರ ಜೊತೆ ನಿಂತೆ, ಬಾಗಿಲು ತೆಗೆದ ಮೇಲೆ ಒಳಗೆ ಕೂತು ಉಂಡೆ. ಕಮಲಮ್ಮ "ಇನ್ನೊಂದು ತುತ್ತು ಹಾಕ್ಕಳಣ್ಣ" ಎನ್ನುತ್ತಿದ್ದರು, ಹಾಕಿಸಿಕೊಂಡೆ. ಯಾರಾದರೂ ಫೋನಿನಲ್ಲಿ ಆ ಹೆಸರು ಹುಡುಕಿದ್ದರೆ ಎಲ್ಲ ತಿಳಿಯುತ್ತಿತ್ತು. ಯಾರೂ ಹುಡುಕಲಿಲ್ಲ. ಪತ್ರಿಕೆಯಲ್ಲಿ ಬಂದಿತ್ತಲ್ಲ.

ಒಂದು ವಿಚಿತ್ರ ಒಂಟಿತನವಿದೆ, ಅದನ್ನು ದೂರೆಂದು ಹೇಳುತ್ತಿಲ್ಲ. ನಿವೃತ್ತನಾಗಿ ಚಿತ್ರದುರ್ಗದ ಬಾಡಿಗೆ ಮನೆಯಲ್ಲಿದ್ದೇನೆ. ಆಕೆಯ ಹೊಸ ಪುಸ್ತಕ ಬಂತೆಂದು ಓದುತ್ತೇನೆ, ಒಂದು ಸಾಲು ಮನಸ್ಸಿಗೆ ಹಿಡಿಸುತ್ತದೆ. ಹೇಳಿಕೊಳ್ಳಲು ಜಗತ್ತಿನಲ್ಲಿ ಒಬ್ಬರೇ ಇದ್ದಾರೆ, ಅವರಿಗೇ ಹೇಳುವಂತಿಲ್ಲ. ಸತ್ತವರು ಹೊಸ ಪುಸ್ತಕ ಬರೆಯುವುದಿಲ್ಲವಲ್ಲ. ಹಾಗೆ ಎರಡು ಪುಸ್ತಕ ಬಂದವು. ಎರಡನ್ನೂ ನಾನೊಬ್ಬನೇ ಓದಿದೆ. ಭಾನುವಾರ ಮೇಷ್ಟ್ರ ಮುಂದೆ ಕೂತು ಹಳೆಯವನ್ನೇ ಮತ್ತೆ ಓದಿ ಹೇಳಿದೆ.

ಈ ವರ್ಷ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಅಕ್ಕ ನಿಜವಾಗಿ ತೀರಿಕೊಂಡರು. ಈಗ ಪುರವಣಿ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು. "ಸರ್, ಟರ್ಕಿ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ. ಒಂದು ಪುಟ ಬರೆದುಕೊಡಿ. ಎರಡು ಕಡೆ ಚೆಕ್ ಮಾಡಿದ್ದೀನಿ ಸರ್, ಕನ್ಫರ್ಮ್." ನಾನು ಕಲಿಸಿದ ಹುಡುಗಿ. ಬರೆಯುತ್ತೇನೆ ಎಂದೆ.

ಬರೆಯಲು ಕೂತಾಗ ಹೊಳೆದದ್ದನ್ನೂ ಇಲ್ಲಿ ದಾಖಲಿಸಬೇಕು. ಸುಳ್ಳು ಈಗ ತಾನಾಗಿಯೇ ನಿಜವಾಗಿತ್ತು. ನಾನು ಏನೂ ಮಾಡಬೇಕಿರಲಿಲ್ಲ. ಪುರವಣಿಗೆ ಆಗುವುದಿಲ್ಲವೆಂದು ಹೇಳಿ ಸುಮ್ಮನಿದ್ದರೆ ಸಾಕು, ಇನ್ನು ಮುಂದೆ ಮೇಷ್ಟ್ರು ಇಡುವ ಎಡೆಯಲ್ಲಿ ಯಾವ ತಪ್ಪೂ ಇರುವುದಿಲ್ಲ. ಒಂದು ಸಂಜೆಯೆಲ್ಲ ಆ ನಿರಾಳವನ್ನು ಅನುಭವಿಸಿದೆ. ಅನುಭವಿಸಿದ್ದಕ್ಕೇ ಅಸಹ್ಯವಾಯಿತು. ಆಕೆಯ ಸಾವು ನನಗೆ ಎರಡನೆಯ ಸಲ ಅನುಕೂಲವಾಗುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಹೊಸದುರ್ಗಕ್ಕೆ ಹೋದೆ. ಹೊಳಲ್ಕೆರೆ ದಾಟಿದ ಮೇಲೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೂ ತಿರುಗುತ್ತಿರಲಿಲ್ಲ. ಎಡೆ ಹಾಕುವ ಮೊದಲು ಹೇಳಬೇಕು ಎಂಬುದೊಂದೇ ತಲೆಯಲ್ಲಿತ್ತು.

ಮೇಷ್ಟ್ರು ಪಡಸಾಲೆಯಲ್ಲಿ ಕೂತಿದ್ದರು. ಈಗ ಅವರಿಗೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಚಪ್ಪಲಿಯ ಸದ್ದಿಗೇ, "ಏನಪ್ಪ, ಸಾರಿನ ವಾಸ್ನೆ ದುರ್ಗಕ್ಕೇ ಬಂತೇನು, ಇಷ್ಟು ಬೇಗ ಬಂದ್ಬಿಟ್ಟೆ? ಬಾ, ಕುಂತ್ಕ" ಎಂದು ನಕ್ಕರು.

ಕೂತೆ. ಹೇಳಿದೆ. ಶುಕ್ರವಾರದಿಂದ ಶುರು ಮಾಡಿ, ಕ್ರಮವಾಗಿ, ಯಾವುದನ್ನೂ ಬಿಡದೆ — ವರದಿ ಹೇಳುವವನಂತೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಕಮಲಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತವರು ಅಲ್ಲೇ ನಿಂತರು.

"ಅಂದ್ರೆ ಆವತ್ತು ಹಾರ ಹಾಕಿದ್ದು —"

"ಬದುಕಿದ್ದರು ಮೇಷ್ಟ್ರೇ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಫೋನಿನ ಭಾಗಕ್ಕೆ ಬಂದಾಗ ಅವರು ಮುಖ ನನ್ನ ಕಡೆ ತಿರುಗಿಸಿದರು. "ನನ್ನೂ ಸಾಯ್ಸಿದ್ಯೇನಲೇ?" ಎಂದರು. ಅರೆಗಳಿಗೆ ಬಿಟ್ಟು ನಕ್ಕರು ಕೂಡ. "ಅಂಗಾರೆ ಆಯಮ್ಮನೂ ಅಲ್ಲಿ ನಂಗೆ ಎಡೆ ಇಟ್ಟಿದ್ರೋ ಏನೋ."

ಆ ನಗು ಮುಗಿದ ಮೇಲೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

"ಒಂದು ಪುಟ ಕೇಳ್ಬೇಕು ಅಂದ್ರಾ?"

"ಹೂಂ. ಅರ್ಥ ಆಗದಿದ್ದರೂ ಪರವಾಗಿಲ್ಲ ಅಂದರು."

"ದನಿ ಹೆಂಗಿತ್ತಪ್ಪ?"

ನನಗೆ ನೆನಪಿರಲಿಲ್ಲ. ಸಭೆಯಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರು ಎಷ್ಟನೆಯವರಾಗಿ ಮಾತನಾಡಿದರು ಎಂದು ವರ್ಷಗಳ ಮೇಲೂ ಹೇಳಬಲ್ಲ ನನಗೆ ಆ ದನಿ ನೆನಪಿರಲಿಲ್ಲ. ಒಂಬತ್ತು ವರ್ಷದಿಂದ ಆಕೆಯ ಮಾತುಗಳನ್ನು ಒಳಗೊಳಗೇ ಹೇಳಿಕೊಂಡಿದ್ದೇನೆ, ಎಲ್ಲವೂ ನನ್ನ ದನಿಯಲ್ಲೇ.

"ಗೊತ್ತಿಲ್ಲ ಮೇಷ್ಟ್ರೇ. ಚಮಚದ ಸದ್ದು ಕೇಳುತ್ತಿತ್ತು. ಲೋಟದಲ್ಲಿ ತಿರುಗಿಸುತ್ತಿದ್ದರು."

"ಚಾ ಕುಡೀತಿದ್ರು ಅಂತೀಯ."

"ಹೂಂ."

ಅವರು ಒಳಗಿನ ಕಡೆ ತಿರುಗಿ, "ಕಮಲ, ಎಡೆ ಹಾಕವ್ವ, ಹೊತ್ತಾಯ್ತು" ಎಂದರು. "ಅಕ್ಕನ ಚಾ ಲೋಟ್ದಾಗೆ ಒಂದು ಚಮಚ ಇಡು."

ಬಳಿಕ ನನ್ನ ಕಡೆ ಮುಖ ಮಾಡದೆ ಹೇಳಿದರು: "ಪೇಪರ್ನಾಗೆ ಸಾಯ್ಸಿದ್ದೀಯ. ಪೇಪರ್ನಾಗೇ ಹೇಳು. ನನ್ನ ಹೆಸ್ರು ಹಾಕು. ಅಕ್ಕನ ಹೆಸ್ರು ಬ್ಯಾಡ."

ಕಮಲಮ್ಮ ನಾಲ್ಕು ಎಲೆ ಹಾಕಿದರು. ಧೂಪ ಹಾಕಿದರು. ಮೇಷ್ಟ್ರನ್ನು ಕೈಹಿಡಿದು ಹೊರಗೆ ಕರೆತಂದು ಬಾಗಿಲು ಮುಂದೆ ಮಾಡಿದರು. ಅಭ್ಯಾಸದಂತೆ ನಾನೂ ಹೊರಗೆ ಬಂದು ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದು ಅವರಿಬ್ಬರೂ ಒಳಗೆ ಹೋದರು. ನಮ್ಮ ಕಡೆ ಹಿರಿಯರ ಹಬ್ಬದ ದಿನ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಬಡಿಸುತ್ತಾರೆ. ಆ ದಿನ ಕಮಲಮ್ಮ ನನ್ನನ್ನು ಅಣ್ಣ ಎಂದು ಕೂಗಲಿಲ್ಲ. ಮೇಷ್ಟ್ರು ಬಾ ಎನ್ನಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ನಾಲ್ಕನೆಯ ಎಲೆಯ ಪಕ್ಕ ಲೋಟ, ಅದರಲ್ಲಿ ಚಮಚ ಕಾಣುತ್ತಿತ್ತು.

ನಾನು ಚಪ್ಪಲಿ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ಮನೆ ಮನೆಯಿಂದಲೂ ಧೂಪದ ವಾಸನೆ ಬರುತ್ತಿತ್ತು. ಎರಡು ಸಾಲಿನಲ್ಲಿ ಮುಗಿಯಬೇಕಿದ್ದ ತಿದ್ದುಪಡಿಯನ್ನು ಇಷ್ಟು ಉದ್ದ ಬರೆದಿದ್ದೇನೆ. ಪುರವಣಿಯ ಹುಡುಗಿಗೆ ನಾಳೆ ಕಳಿಸುತ್ತೇನೆ, ಒಂದು ಅಕ್ಷರವನ್ನೂ ತೆಗೆಯಬೇಡ ಎಂದು ಹೇಳುತ್ತೇನೆ. ಭಾನುವಾರ ಇದನ್ನು ಕಮಲಮ್ಮ ಓದಿ ಹೇಳುತ್ತಾರೆ. ಮೇಷ್ಟ್ರಿಗೆ ಓದಿ ಹೇಳುವ ಕೆಲಸ ಈಗ ನನ್ನದಲ್ಲ.